ಜಗತ್ತೇ ನಕಲು ಮಾಡಿದ ಬೈಕು

ಅವತ್ತು ರಾತ್ರಿ ಒಂಬತ್ತರ ಚರ್ಚೆಯಲ್ಲಿ ನಾನು ಸ್ವಲ್ಪ ಜೋರಾಗೇ ಮಾತಾಡಿಬಿಟ್ಟಿದ್ದೆ. ವಿಷಯ ಚೀನಾ. ಮೊಬೈಲ್‌ನಿಂದ ಹಿಡಿದು ಯುದ್ಧವಿಮಾನದ ತನಕ ಕಂಡದ್ದನ್ನೆಲ್ಲ ನಕಲು ಹೊಡೆಯೋ ದೇಶ ಅದು, ಸ್ವಂತ ಬುದ್ಧಿ ಅನ್ನೋದು ಇದೆಯಾ ಇವರಿಗೆ, ಪಕ್ಕದ ಜಪಾನನ್ನು ನೋಡಿಯಾದರೂ ಕಲೀಬಾರದಾ ಅಂತೆಲ್ಲ ಅಬ್ಬರಿಸಿದ್ದೆ. ಚಪ್ಪಾಳೆ ಬಂತು. ಮೆಸೇಜುಗಳು ಬಂದವು. ನನಗೂ ಖುಷಿಯಾಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಎರಡು ದಿನ ಬಿಟ್ಟು ಊರಿಗೆ, ಹುಬ್ಬಳ್ಳಿಗೆ ಹೋಗಿದ್ದೆ. ಅಪ್ಪನ ಆರ್‌ಎಕ್ಸ್ 100 ಇನ್ನೂ ಅಲ್ಲೇ ಇದೆ. ನಾನು ವರ್ಷಕ್ಕೆ ಮೂರು ಸಲ ಹೋಗಿ ಸ್ಟಾರ್ಟ್ ಮಾಡದಿದ್ದರೆ ಅದು ಮುನಿಸಿಕೊಳ್ಳುತ್ತೆ. ಈ ಸಲವೂ ಮುನಿಸಿಕೊಂಡಿತ್ತು. ತಳ್ಳಿಕೊಂಡು ಹೋಗಿ ಹಳೇ ಮೆಕ್ಯಾನಿಕ್ ಕಾಕಾನ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಎಪ್ಪತ್ತು ದಾಟಿದ ಮನುಷ್ಯ. ಹೆಡ್ ಬಿಚ್ಚಿ, ಸಿಲಿಂಡರ್ ಎತ್ತಿ, ಬೆಳಕಿಗೆ ಹಿಡಿದು ನೋಡುತ್ತಾ, ನನ್ನ ಮುಖ ನೋಡದೇ ಕೇಳಿದರು:

‘ಸರ, ಮೊನ್ನೆ ಟಿವಿಯೊಳಗ ಚೀನಾದವ್ರು ಕಳ್ಳರು ಅಂದ್ರಿ. ಹಂಗಾದ್ರ ಈ ಯಮಹಾದವ್ರು ಯಾರು?’

ನನಗೆ ಅರ್ಥ ಆಗಲಿಲ್ಲ. ಅವರು ಎದ್ದು ಹೋಗಿ, ಮೂಲೆಯಲ್ಲಿ ಗೋಣಿಚೀಲ ಮುಚ್ಚಿಟ್ಟಿದ್ದ ಒಂದು ಹಳೇ ಬಿಎಸ್‌ಎ ಬ್ಯಾಂಟಮ್ ಬೈಕಿನ ಸಿಲಿಂಡರನ್ನು ತಂದು ಪಕ್ಕದಲ್ಲಿಟ್ಟರು. ಒಳಗಡೆಯ ಕಿಂಡಿಗಳ ಮೇಲೆ ಗ್ರೀಸ್ ಮೆತ್ತಿದ ಬೆರಳು ಆಡಿಸಿ, ‘ಇದು ಇಂಗ್ಲೆಂಡಿಂದು. ಅದು ಜಪಾನಿಂದು. ಒಂದಾ ಕುಲ ನೋಡ್ರಿ. ಇಬ್ರದೂ ಮೂಲಪುರುಷ ಜರ್ಮನಿಯಾಂವ ಅಂತಾರ’ ಅಂದರು.

ಸ್ಟುಡಿಯೋದಲ್ಲಿ ನನಗೆ ಉತ್ತರ ಕೊಡೋಕೆ ಬಾರದ ಪ್ರಶ್ನೆ ಕೇಳಿದವರು ಕಡಿಮೆ. ಗ್ಯಾರೇಜಿನಲ್ಲಿ ಸಿಕ್ಕಿಬಿದ್ದೆ. ಬೆಂಗಳೂರಿಗೆ ಬಂದವನೇ ಓದಲು ಕೂತೆ. ಓದುತ್ತಾ ಹೋದ ಹಾಗೆ, ನಕಲು ಅನ್ನೋ ಪದವನ್ನು ಅಷ್ಟು ಸುಲಭವಾಗಿ ಬಾಯಿಗೆ ತಂದುಕೊಂಡಿದ್ದಕ್ಕೆ ನಾಚಿಕೆಯಾಯಿತು.

ಜರ್ಮನಿಯ ಪೂರ್ವಭಾಗದಲ್ಲಿ ಸ್ಯಾಕ್ಸನಿ ಅಂತ ಒಂದು ಪ್ರಾಂತ್ಯ. ಅಲ್ಲಿ ಗುಡ್ಡಗಳ ನಡುವೆ ಚೋಪಾವ್ ಅನ್ನೋ ಪುಟ್ಟ ಊರು. ಈ ಊರಿಗೆ 1906ರಲ್ಲಿ ಕಾರ್ಖಾನೆ ಹಾಕಲು ಬಂದವನು ಜರ್ಮನ್ ಅಲ್ಲವೇ ಅಲ್ಲ, ಡೆನ್ಮಾರ್ಕಿನವನು. ಹೆಸರು ಯೋರ್ಗನ್ ಸ್ಕಾಫ್ಟೆ ರಾಸ್ಮುಸೆನ್. ಮೊದಲ ಮಹಾಯುದ್ಧದ ಹೊತ್ತಿಗೆ ಪೆಟ್ರೋಲಿಗೆ ಬರ ಬಂದಾಗ ಈತ ಉಗಿಯಿಂದ ಓಡುವ ಕಾರು ಮಾಡಲು ಹೊರಟ. ಉಗಿ ವಾಹನ ಅನ್ನೋದಕ್ಕಿರುವ ಉದ್ದನೆಯ ಜರ್ಮನ್ ಪದದಿಂದ ಮೂರು ಅಕ್ಷರ ಹೆಕ್ಕಿದ: ಡಿಕೆಡಬ್ಲ್ಯು. ಉಗಿ ಕಾರು ಓಡಲಿಲ್ಲ. ಆದರೆ ಹೆಸರನ್ನು ಬಿಡಲಿಕ್ಕೆ ಮನಸ್ಸು ಬರಬೇಕಲ್ಲ! ಯುದ್ಧ ಮುಗಿದ ಮೇಲೆ ಮಕ್ಕಳ ಆಟಿಕೆಗೆಂದು ಒಂದು ಪುಟಾಣಿ ಎಂಜಿನ್ ಮಾಡಿದಾಗ ಅದೇ ಮೂರು ಅಕ್ಷರಕ್ಕೆ ‘ಹುಡುಗನ ಆಸೆ’ ಅಂತ ಅರ್ಥ ಹಚ್ಚಿದ. ಆಮೇಲೆ ಆ ಎಂಜಿನ್ನನ್ನು ಸ್ವಲ್ಪ ದೊಡ್ಡದು ಮಾಡಿ ಸೈಕಲ್ಲಿಗೆ ಕೂರಿಸಿದಾಗ ‘ಪುಟ್ಟ ಪವಾಡ’ ಅಂದ. ಸೈಕಲ್ಲಿನ ಹಿಂದೆ, ಕ್ಯಾರಿಯರ್ ಮೇಲೆ ಕೂರುತ್ತಿದ್ದ ಆ ಎಂಜಿನ್ನಿಗೆ ಜನ ಇಟ್ಟ ಅಡ್ಡಹೆಸರು ಬೇರೆಯೇ ಇತ್ತು. ಮರ್ಯಾದೆಯ ಕನ್ನಡದಲ್ಲಿ ಹೇಳೋದಾದರೆ, ಕೂತವರ ಹಿಂಭಾಗ ಬಿಸಿ ಮಾಡುವ ಯಂತ್ರ!

ನಗಬೇಡಿ. ಈ ಹಿಂಭಾಗ ಬಿಸಿ ಮಾಡುವವನೇ 1920ರ ದಶಕ ಮುಗಿಯುವ ಹೊತ್ತಿಗೆ ಜಗತ್ತಿನಲ್ಲೇ ಅತಿ ಹೆಚ್ಚು ಮೋಟರ್‌ಸೈಕಲ್ ಮಾಡುವವನಾಗಿದ್ದ. ಆಮೇಲೆ ಆರ್ಥಿಕ ಕುಸಿತ ಬಂತು. ಸಾಲ ಏರಿತು. 1932ರಲ್ಲಿ ಡಿಕೆಡಬ್ಲ್ಯು, ಔಡಿ, ಹಾರ್ಚ್, ವಾಂಡರರ್ ನಾಲ್ಕೂ ಸೇರಿ ಆಟೋ ಯೂನಿಯನ್ ಆಯಿತು. ಇವತ್ತು ಔಡಿ ಕಾರಿನ ಮೂತಿಯಲ್ಲಿ ನಾಲ್ಕು ಉಂಗುರ ನೋಡ್ತೀರಲ್ಲ, ಅದರಲ್ಲೊಂದು ಈ ಬಡಪಾಯಿ ಬೈಕಿನದ್ದು. ಇನ್ನೊಂದು ಉಂಗುರ, ವಾಂಡರರ್, ನಮಗೆ ಇನ್ನೂ ಹತ್ತಿರದ್ದು. ಈ ವಾಂಡರರ್ ತನ್ನ ಬೈಕಿನ ವಿನ್ಯಾಸವನ್ನು 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಅನ್ನುವ ಉದ್ಯಮಿಗೆ ಮಾರಿತ್ತು. ಅವನ ಹೆಸರಿನ ‘ಜಾ’, ಇವರ ಹೆಸರಿನ ‘ವಾ’ ಸೇರಿ ಜಾವಾ ಆಯಿತು. 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ತಯಾರಾದ, ನಮ್ಮ ಮೇಷ್ಟ್ರುಗಳು, ಕಾಫಿ ತೋಟದ ರೈಟರುಗಳು ಓಡಿಸಿದ ಅದೇ ಜಾವಾ. ಇರಲಿ, ಜಾವಾದ ಕಥೆ ಇನ್ನೊಂದು ದಿನಕ್ಕೆ.

ಚೋಪಾವ್ ಕಾರ್ಖಾನೆಯಲ್ಲಿ ಹರ್ಮನ್ ವೆಬರ್ ಅಂತ ಒಬ್ಬ ಎಂಜಿನಿಯರ್ ಇದ್ದ. 1939ರಲ್ಲಿ ಈತನ ಕೈಯಿಂದ ಒಂದು ಬೈಕು ಬಂತು. ಆರ್‌ಟಿ 125. ಎಂಜಿನ್ ಗಾತ್ರ 123 ಸಿಸಿ, ಶಕ್ತಿ ಐದು ಅಶ್ವಶಕ್ತಿಗೂ ಕಡಿಮೆ, ಮೂರು ಗೇರು. ಮುಂದಿನ ಚಕ್ರಕ್ಕೆ ಸ್ಪ್ರಿಂಗ್ ಬದಲು ರಬ್ಬರ್ ಪಟ್ಟಿ. ಹಿಂದಿನ ಚಕ್ರಕ್ಕೆ ಅದೂ ಇಲ್ಲ! ಇದು ರೇಸಿನ ಬೈಕಲ್ಲ, ಶೋಕಿಯ ಬೈಕೂ ಅಲ್ಲ. ಬೆಳಿಗ್ಗೆ ಕಾರ್ಖಾನೆಗೆ ಹೋಗಿ ಸಂಜೆ ಮನೆಗೆ ಬರುವವನಿಗೆ, ಹಳ್ಳಿಯಿಂದ ಹಳ್ಳಿಗೆ ತಿರುಗುವ ವೈದ್ಯನಿಗೆ, ಅಂಚೆಯವನಿಗೆ ಮಾಡಿದ ಗಾಡಿ.

ಹಾಗಾದರೆ ಇದರಲ್ಲಿ ಕದಿಯುವಂಥದ್ದು ಏನಿತ್ತು?

ನಮ್ಮ ಬಸ್‌ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಇಳಿಯುವವರು ಇಳಿದಿಲ್ಲ, ಅಷ್ಟರಲ್ಲಿ ಹತ್ತುವವರು ನುಗ್ಗುತ್ತಾರೆ. ಟೂ ಸ್ಟ್ರೋಕ್ ಎಂಜಿನ್ನಿನ ಒಳಗೆ ನಡೆಯೋದು ಇದೇ ನೂಕಾಟ. ಸುಟ್ಟ ಹೊಗೆ ಹೊರಗೆ ಹೋಗಬೇಕು, ಅದೇ ಕ್ಷಣದಲ್ಲಿ ಹೊಸ ಪೆಟ್ರೋಲ್ ಗಾಳಿ ಒಳಗೆ ಬರಬೇಕು. ಎರಡೂ ಬೆರೆತರೆ ಹೊಸ ಪೆಟ್ರೋಲ್ ಸುಡದೇ ಹೊಗೆಯ ಜೊತೆ ಆಚೆ ಹೋಗುತ್ತೆ. ಮೊದಲಿನವರು ಇದಕ್ಕೆ ಮಾಡಿದ್ದ ಉಪಾಯ ಅಂದರೆ ಪಿಸ್ಟನ್ನಿನ ತಲೆ ಮೇಲೆ ಒಂದು ದಿಬ್ಬ. ಹೊಸ ಗಾಳಿ ಆ ದಿಬ್ಬಕ್ಕೆ ಬಡಿದು ಮೇಲಕ್ಕೆ ಹೋಗಲಿ ಅಂತ. ಆದರೆ ದಿಬ್ಬ ಇರುವ ಪಿಸ್ಟನ್ ಭಾರ ಜಾಸ್ತಿ, ಕಾಯುವುದೂ ಜಾಸ್ತಿ. ಅಡಾಲ್ಫ್ ಶ್ನ್ಯೂರ್ಲೆ ಅನ್ನುವ ಜರ್ಮನ್ ಎಂಜಿನಿಯರ್ ಬೇರೆ ದಾರಿ ಹುಡುಕಿದ. ದಿಬ್ಬವೇ ಬೇಡ, ಪಿಸ್ಟನ್ನಿನ ತಲೆ ಹೆಚ್ಚುಕಡಿಮೆ ಚಪ್ಪಟೆ ಇರಲಿ. ಎರಡು ಬದಿಯ ಕಿಂಡಿಗಳಿಂದ ಬರುವ ಗಾಳಿ ಹೊಗೆ ಬಾಗಿಲಿನ ಕಡೆ ಹೋಗೋದು ಬೇಡ, ಹಿಂದಿನ ಗೋಡೆಯ ಕಡೆ ಹೋಗಲಿ. ಅಲ್ಲಿಂದ ಮೇಲೇರಿ, ಸುತ್ತಿ ಬಂದು, ಹಳೇ ಹೊಗೆಯನ್ನು ಹೊರಗೆ ತಳ್ಳಲಿ. ಹಿಂದಿನ ಬಾಗಿಲಲ್ಲಿ ಹತ್ತಿದವರು ಹಿಂದಿನ ಸೀಟಿನ ತನಕ ಹೋಗಿ, ತಿರುಗಿ, ಮುಂದಿನವರನ್ನು ಮುಂಬಾಗಿಲಿನಿಂದ ಇಳಿಸಿದ ಹಾಗೆ. ಇಷ್ಟೇ! ಆ ಹಕ್ಕನ್ನು ಪೆಟ್ರೋಲ್ ಎಂಜಿನ್ನುಗಳ ಮಟ್ಟಿಗೆ ದುಡ್ಡು ಕೊಟ್ಟು ಕೊಂಡಿದ್ದು ಡಿಕೆಡಬ್ಲ್ಯು. ಪೇಟೆಂಟು ಇದ್ದದ್ದರಿಂದ ಬೇರೆಯವರು ಅದನ್ನು ಮುಟ್ಟುವಂತಿರಲಿಲ್ಲ. ವೆಬರ್ ಆ ಉಪಾಯವನ್ನು ತೆಗೆದುಕೊಂಡು, ಎಂಜಿನ್ನು ಮತ್ತು ಗೇರ್ ಪೆಟ್ಟಿಗೆ ಎರಡನ್ನೂ ಒಂದೇ ಕವಚದೊಳಗೆ ಹಾಕಿ, ಬಿಡಿಭಾಗ ಎಷ್ಟು ಕಡಿಮೆ ಮಾಡಬಹುದೋ ಅಷ್ಟು ಕಡಿಮೆ ಮಾಡಿ ಗಾಡಿ ಕಟ್ಟಿದ. ಕಾಕಾ ನನಗೆ ಬೆರಳಾಡಿಸಿ ತೋರಿಸಿದ್ದು ಇದೇ ಕಿಂಡಿಗಳನ್ನು.

ಗಾಡಿ ಮಾರುಕಟ್ಟೆಗೆ ಬಂದ ವರ್ಷವೇ ಯುದ್ಧ ಶುರುವಾಯಿತು. ಬಡವನಿಗೆಂದು ಮಾಡಿದ ಗಾಡಿಯ ಮೇಲೆ ಹಿಟ್ಲರನ ಸೈನಿಕರು ಕೂತರು.

ಇಲ್ಲಿ ಒಂದು ವಿಷಯ ಹೇಳದೇ ಮುಂದೆ ಹೋದರೆ ನಾನು ಮತ್ತೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ಮುಂದೆ ಈ ಕಾರ್ಖಾನೆಗೆ ಆದದ್ದನ್ನು ಓದಿದರೆ ಅಯ್ಯೋ ಪಾಪ ಅನಿಸುತ್ತೆ. ಆದರೆ ಯುದ್ಧದ ಕಾಲದಲ್ಲಿ ಆಟೋ ಯೂನಿಯನ್ ಕಾರ್ಖಾನೆಗಳಲ್ಲಿ ಸಾವಿರಾರು ಜನರನ್ನು ಬಲವಂತವಾಗಿ ದುಡಿಸಿದ್ದರು. ನಾಜಿ ಸೆರೆಶಿಬಿರಗಳ ಕೈದಿಗಳನ್ನೂ ಬಿಟ್ಟಿರಲಿಲ್ಲ. ಇದೇ ಚೋಪಾವ್‌ನಲ್ಲಿ ಫ್ಲೋಸೆನ್‌ಬ್ಯುರ್ಗ್ ಸೆರೆಶಿಬಿರದ ಒಂದು ಶಾಖೆ ಇತ್ತು, ಅಲ್ಲಿ ನೂರಾರು ಯಹೂದಿ ಹೆಣ್ಣುಮಕ್ಕಳನ್ನು ದುಡಿಸಿಕೊಂಡರು. ಇದು ನಾನು ಹೇಳುವ ಮಾತಲ್ಲ. ಔಡಿ ಕಂಪನಿಯೇ ಇತಿಹಾಸಕಾರರಿಗೆ ದಾಖಲೆಗಳ ಬಾಗಿಲು ತೆಗೆದುಕೊಟ್ಟು ಬರೆಸಿ, 2014ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವ ಮಾತು. ಹಾಗಾಗಿ, ಅನ್ಯಾಯಕ್ಕೆ ಒಳಗಾದವರು ಯಾರು ಅಂತ ಲೆಕ್ಕ ಹಾಕುವಾಗ ಪಟ್ಟಿಯಲ್ಲಿ ಮೊದಲ ಹೆಸರು ಕಾರ್ಖಾನೆಯದ್ದಲ್ಲ, ಆ ಹೆಣ್ಣುಮಕ್ಕಳದ್ದು.

1945. ಜರ್ಮನಿ ಸೋತಿತು. ಚೋಪಾವ್ ಸೋವಿಯತ್ ಸೇನೆಯ ಪಾಲಿಗೆ ಬಂತು. ಗೆದ್ದವರು ಸೋತವರಿಂದ ವಸೂಲಿ ಮಾಡುವುದಕ್ಕೆ ಯುದ್ಧ ಪರಿಹಾರ ಅಂತ ಹೆಸರು. ಮಾಸ್ಕೋದವರು ಕಾರ್ಖಾನೆಯನ್ನೇ ಬಿಚ್ಚಿದರು. ಲೇಥು, ಅಚ್ಚು, ನಕ್ಷೆ ಎಲ್ಲ ಪೂರ್ವಕ್ಕೆ ಹೋಯಿತು. ವೆಬರ್‌ನನ್ನೂ ಕರೆದೊಯ್ದರು. ಬೈಕು ಮಾಡಿದವನು ಬೈಕಿನ ನಕ್ಷೆಯ ಜೊತೆಗೆ ಸಾಮಾನಾಗಿ ಹೋದ! 1948ರಲ್ಲಿ ಆತ ಸೋವಿಯತ್ ನೆಲದಲ್ಲೇ ತೀರಿಕೊಂಡ. ಮನೆಗೆ ವಾಪಸ್ ಬರಲೇ ಇಲ್ಲ.

ಅವನ ಬೈಕು ಮಾತ್ರ ಅಷ್ಟರಲ್ಲಿ ನಾಲ್ಕು ದಿಕ್ಕಿಗೂ ಹೊರಟಿತ್ತು. ಮಾಸ್ಕೋದಲ್ಲಿ 1946ರಲ್ಲೇ ಅದು ಮಾಸ್ಕ್ವಾ ಎಂ1ಎ ಆಯಿತು. 1951ರಲ್ಲಿ ಆ ಗಾಡಿಯ ತಯಾರಿಕೆಯನ್ನು ಬೆಲಾರೂಸಿನ ಮಿನ್ಸ್ಕ್ ನಗರಕ್ಕೆ ಸಾಗಿಸಿದರು. ಆ ಮಿನ್ಸ್ಕ್ ಬೈಕಿನ ಸಂತಾನ ಮುಂದೆ ವಿಯೆಟ್ನಾಮಿಗೆ ಹೋಯಿತು. ಅಲ್ಲಿನ ಉತ್ತರದ ಬೆಟ್ಟಗಳಲ್ಲಿ ಅಕ್ಕಿ ಮೂಟೆ, ಹಂದಿ ಮರಿ, ಬಾಳೆಗೊನೆ ಹೇರಿಕೊಂಡು ಹತ್ತುವ ಆ ಗಾಡಿಗೆ ಜನ ಪ್ರೀತಿಯಿಂದ ಎಮ್ಮೆ ಅಂತಲೇ ಅಡ್ಡಹೆಸರಿಟ್ಟರು.

ಇದು ಕಮ್ಯುನಿಸ್ಟರ ಕೆಲಸ ಅಂತ ಮೂಗು ಮುರಿಯಬೇಡಿ. ಬ್ರಿಟಿಷರೂ ಅದನ್ನೇ ಮಾಡಿದರು. ಅದೇ ನಕ್ಷೆಗಳು ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿಗೆ ಸಿಕ್ಕವು. ಬಿಎಸ್‌ಎ ಅಂದರೆ ನಮ್ಮ ತಲೆಮಾರಿಗೆ ಸೈಕಲ್ಲು. ಮೂಲದಲ್ಲಿ ಅದು ಬಂದೂಕು ಮಾಡುವ ಕಂಪನಿ, ಗುರುತಿನಲ್ಲೇ ಮೂರು ಬಂದೂಕಿವೆ. ಬ್ರಿಟನ್ನಿನ ಬೈಕುಗಳಲ್ಲಿ ಗೇರು ಬಲಗಾಲಿಗೆ ಇರುತ್ತಿತ್ತು, ಜರ್ಮನ್ನರದ್ದು ಎಡಗಾಲಿಗೆ. ಏನು ಮಾಡೋದು? ನಕ್ಷೆಯನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿಬಿಟ್ಟರು! ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಪರೀಕ್ಷೆಯಲ್ಲಿ ಪಕ್ಕದವನದ್ದು ನೋಡಿ ಬರೆಯುವ ಹುಡುಗ ಒಂದೆರಡು ಪದ ಹಿಂದೆ ಮುಂದೆ ಮಾಡ್ತಾನಲ್ಲ, ಹಾಗೆ. 1948ರಲ್ಲಿ ಅದು ಬ್ಯಾಂಟಮ್ ಆಗಿ ಬಂತು. ಬ್ಯಾಂಟಮ್ ಅಂದರೆ ಪುಟ್ಟ ತಳಿಯ ಹುಂಜ. ತಿಳಿ ಹಸಿರು ಬಣ್ಣದ ಆ ಹುಂಜ 1971ರ ತನಕ ಕೂಗಿತು. ಕನಿಷ್ಠ 3.5 ಲಕ್ಷ ಗಾಡಿಗಳು ಹೊರಬಂದವು. ಬ್ರಿಟನ್ನಿನ ಅಂಚೆ ಇಲಾಖೆ ಅದಕ್ಕೆ ಕೆಂಪು ಬಣ್ಣ ಬಳಿದು ಟೆಲಿಗ್ರಾಂ ಹಂಚುವ ಹುಡುಗರಿಗೆ ಕೊಟ್ಟಿತು. ಯುದ್ಧದಿಂದ ಬರಿಗೈಯಾಗಿದ್ದ ದೇಶದಲ್ಲಿ ಬಾಂಬು ಹಾಕಿದ ಶತ್ರುವಿನ ಬೈಕಿನ ಮೇಲೆ ಕೂತು ಹುಡುಗರು ಮನೆಮನೆಗೆ ಸಾವು ಬದುಕಿನ ಸುದ್ದಿ ಮುಟ್ಟಿಸಿದರು.

ಅಮೆರಿಕ? ಅಲ್ಲಿಗೂ ಹೋಯಿತು. ಹಾರ್ಲೆ ಡೇವಿಡ್‌ಸನ್ ಅಂದ ತಕ್ಷಣ ನಮಗೆ ಕಣ್ಣಿಗೆ ಕಟ್ಟೋದು ಎಮ್ಮೆಕೋಣದಂಥ ಗಾಡಿ, ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡ ಧಡೂತಿ. ಆ ಹಾರ್ಲೆಯವರೂ ಇದೇ ಆರ್‌ಟಿ 125ರ ವಿನ್ಯಾಸ ಇಟ್ಟುಕೊಂಡು ಪುಟಾಣಿ 125 ಸಿಸಿ ಗಾಡಿ ಮಾಡಿ ಮಾರಿದರು. ಮುಂದೆ ಆ ಸಾಲಿನ ಒಂದು ಗಾಡಿಗೆ ಹಮ್ಮರ್ ಅಂತ ಹೆಸರಿಟ್ಟರು.

ಈಗ ಕಾಕಾ ಕೇಳಿದ ಪ್ರಶ್ನೆಗೆ ಬರ್ತೀನಿ. ಯಮಹಾದವರು ಯಾರು?

ಯಮಹಾ ಮೂಲದಲ್ಲಿ ಸಂಗೀತವಾದ್ಯದ ಕಂಪನಿ. ಕೆಟ್ಟುಹೋದ ಒಂದು ಹಾರ್ಮೋನಿಯಂ ಥರದ ಆರ್ಗನ್ ರಿಪೇರಿ ಮಾಡಿದವನಿಂದ ಶುರುವಾದ ವ್ಯವಹಾರ ಅದು. ಅಪ್ಪನ ಗಾಡಿಯ ಟ್ಯಾಂಕಿನ ಮೇಲಿರುವ ಗುರುತನ್ನು ಸರಿಯಾಗಿ ನೋಡಿ, ಅದರಲ್ಲಿರುವುದು ಶ್ರುತಿ ಹೊಂದಿಸುವ ಮೂರು ಕವಲುಕಡ್ಡಿಗಳು. ಯುದ್ಧದ ಕಾಲದಲ್ಲಿ ಈ ವಾದ್ಯದ ಕಂಪನಿ ಜಪಾನಿನ ವಿಮಾನಗಳಿಗೆ ಪ್ರೊಪೆಲರ್ ಮಾಡುತ್ತಿತ್ತು. ಯುದ್ಧ ಮುಗಿಯಿತು, ಯಂತ್ರಗಳು ಖಾಲಿ ನಿಂತವು. ಅವಕ್ಕೆ ಕೆಲಸ ಕೊಡಬೇಕಲ್ಲ? ಕಂಪನಿಯ ಅಧ್ಯಕ್ಷ ಗೆನಿಚಿ ಕವಾಕಾಮಿ ಮೋಟರ್‌ಸೈಕಲ್ ಮಾಡೋಣ ಅಂದ. ಯಾವುದನ್ನು ನೋಡಿ? ಆರ್‌ಟಿ 125 ನೋಡಿ. 1955ರಲ್ಲಿ ವೈಎ 1 ಬಂತು. ಉಳಿದವರ ಗಾಡಿಗಳೆಲ್ಲ ಕಪ್ಪಗಿದ್ದ ಕಾಲದಲ್ಲಿ ಇದಕ್ಕೆ ಕಂದುಗೆಂಪು ಬಣ್ಣ. ಜಪಾನಿಯರು ಇದನ್ನು ಕೆಂಪು ಏರೋಪ್ಲೇನ್ ಚಿಟ್ಟೆ ಅಂತ ಕರೆದರು. ಅದೇ ವರ್ಷ ಜುಲೈನಲ್ಲಿ ಫ್ಯೂಜಿ ಪರ್ವತ ಹತ್ತುವ ರೇಸಿನಲ್ಲಿ ಈ ಚಿಟ್ಟೆ ಮೊದಲು ಬಂತು. ಬೈಕು ಮಾಡಲು ಶುರು ಮಾಡಿ ಒಂದು ವರ್ಷವೂ ಪೂರ್ತಿ ಆಗಿರದ ವಾದ್ಯದ ಕಂಪನಿ!

ಆದರೆ ಒಂದು ವ್ಯತ್ಯಾಸ ಇದೆ. ಯಮಹಾದವರು ನೋಡಿದ್ದನ್ನು ಹಾಗೇ ಇಳಿಸಿಕೊಳ್ಳಲಿಲ್ಲ. ಮೂರು ಗೇರಿದ್ದ ಕಡೆ ನಾಲ್ಕು ಮಾಡಿದರು. ಗಾಡಿ ಗೇರಿನಲ್ಲಿದ್ದರೂ ಕ್ಲಚ್ ಹಿಡಿದು ಕಿಕ್ ಹೊಡೆಯುವ ಹಾಗೆ ಮಾಡಿದರು. ಸಿಗ್ನಲ್ಲಿನಲ್ಲಿ ಗಾಡಿ ಬಂದ್ ಬಿದ್ದು ಹಿಂದಿನವರು ಹಾರನ್ ಹೊಡೆಯುವಾಗ ನ್ಯೂಟ್ರಲ್ ಹುಡುಕಿದವರಿಗೆ ಗೊತ್ತು ಇದರ ಬೆಲೆ. ಆ ಚಿಟ್ಟೆಯಿಂದ ಶುರುವಾದ ಟೂ ಸ್ಟ್ರೋಕ್ ವಿದ್ಯೆ ಮೂವತ್ತು ವರ್ಷ ಹಣ್ಣಾಗಿ, 1985ರಲ್ಲಿ ಆರ್‌ಎಕ್ಸ್ 100 ಆಗಿ ಭಾರತಕ್ಕೆ ಬಂತು. 98 ಸಿಸಿ, 11 ಅಶ್ವಶಕ್ತಿ. ವೆಬರ್‌ನ ಎಂಜಿನ್ನಿಗಿಂತ ಸಣ್ಣದು, ಶಕ್ತಿ ಎರಡು ಪಟ್ಟಿಗಿಂತ ಹೆಚ್ಚು. ಇವತ್ತಿಗೂ ನಮ್ಮ ಊರುಗಳಲ್ಲಿ ಹುಡುಗರು ಅದರ ಸದ್ದಿಗೆ ಕತ್ತು ತಿರುಗಿಸ್ತಾರೆ. ಹಾಗಂತ ವೆಬರ್‌ಗೆ ಅವರು ಕೊಟ್ಟದ್ದೇನು? ಒಂದು ಯೆನ್ ಇಲ್ಲ. ಸೋತ ದೇಶದ ಪೇಟೆಂಟಿಗೆ ಯುದ್ಧದ ನಂತರ ಕಾವಲೇ ಇರಲಿಲ್ಲ. ಸೋತ ಇನ್ನೊಂದು ದೇಶ ಅದನ್ನು ಎತ್ತಿಕೊಂಡಿತು, ಅಷ್ಟೆ.

ದರೋಡೆಯಾದ ಚೋಪಾವ್ ಏನಾಯಿತು? ಯಂತ್ರಗಳು ಹೋದ ಮೇಲೂ ಆ ಊರಿನವರ ಕೈ ಸುಮ್ಮನಿರಲಿಲ್ಲ. ಅದೇ ಆರ್‌ಟಿ 125ನ್ನು ಮತ್ತೆ ಕಟ್ಟಿದರು. ಮುಂದೆ ಎಂಜೆಡ್ ಅನ್ನೋ ಹೆಸರಾಯಿತು. ವಾಲ್ಟರ್ ಕಾಡೆನ್ ಅನ್ನುವ ಎಂಜಿನಿಯರ್ ಕೈಯಲ್ಲಿ ದುಡ್ಡಿಲ್ಲ, ಒಳ್ಳೇ ಲೋಹ ಇಲ್ಲ, ಅಂಥ ಸ್ಥಿತಿಯಲ್ಲಿ ಆ ಪುಟ್ಟ ಟೂ ಸ್ಟ್ರೋಕ್ ಎಂಜಿನ್ನಿನಿಂದ ಜಗತ್ತು ಕಂಡಿರದಷ್ಟು ಶಕ್ತಿ ಎಳೆದ. ಹೊಗೆ ಕೊಳವೆಯೊಳಗೆ ಓಡಾಡುವ ಸದ್ದಿನ ಅಲೆಯನ್ನೇ ಹಿಡಿದು, ತಪ್ಪಿಸಿಕೊಂಡು ಹೋಗುತ್ತಿದ್ದ ಪೆಟ್ರೋಲನ್ನು ಸಿಲಿಂಡರಿನ ಒಳಗೆ ವಾಪಸ್ ತಳ್ಳಿಸಿದ. 1961ರಲ್ಲಿ ಆತನ 125 ಸಿಸಿ ಬೈಕು ವಿಶ್ವ ಚಾಂಪಿಯನ್ ಆಗುವ ಹೊಸ್ತಿಲಲ್ಲಿತ್ತು. ಸವಾರ ಅರ್ನ್ಸ್ಟ್ ಡೆಗ್ನರ್.

ಆ ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದಿತು. ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ರೇಸು. ಡೆಗ್ನರ್ ಅಲ್ಲಿಂದ ನೇರ ಪಶ್ಚಿಮಕ್ಕೆ ಪರಾರಿ! ಹೆಂಡತಿ ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಅಡಗಿಸಿ ಗಡಿ ದಾಟಿಸಲಾಗಿತ್ತು. ಮುಂದಿನ ವರ್ಷ ಆತ ಸುಜುಕಿಯ ಸವಾರ. ಕಾಡೆನ್‌ನ ಗುಟ್ಟುಗಳು ಅವನ ಜೊತೆಗೇ ಹೋದವು. 1962ರ 50 ಸಿಸಿ ವಿಶ್ವ ಪಟ್ಟ ಸುಜುಕಿಗೆ ಬಂತು. ಅದೇ ಸುಜುಕಿ 1980ರ ದಶಕದಲ್ಲಿ ಬೆಂಗಳೂರಿನ ಮಗ್ಗುಲಿನ ಹೊಸೂರಿಗೂ ಬಂದು ಟೂ ಸ್ಟ್ರೋಕ್ ಬೈಕು ಮಾಡಿಸಿತು. ಅಂದರೆ ನಾವು ಕಾಲೇಜಿನ ಮುಂದೆ ಯಮಹಾ ಮೇಲೋ ಸುಜುಕಿ ಮೇಲೋ ಅಂತ ಜಗಳ ಆಡ್ತಿದ್ದೆವಲ್ಲ, ಎರಡಕ್ಕೂ ಒಂದೇ ಊರಿನ ಋಣ.

ಎರಡು ಜರ್ಮನಿ ಒಂದಾದ ಮೇಲೆ ಎಂಜೆಡ್ ಚೇತರಿಸಿಕೊಳ್ಳಲಿಲ್ಲ. 1993ರಲ್ಲಿ ದಿವಾಳಿ, ಆಮೇಲೆ ಮಲೇಷ್ಯಾದವರ ಕೈಗೆ, 2008ರಲ್ಲಿ ಬಾಗಿಲು. ಚೋಪಾವ್‌ನ ಹಳೇ ಕೋಟೆಯಲ್ಲಿ ಈಗ ಮೋಟರ್‌ಸೈಕಲ್ ವಸ್ತುಸಂಗ್ರಹಾಲಯ ಇದೆ.

ಇದನ್ನೆಲ್ಲ ಓದಿ ಮುಗಿಸಿ ಕಾಕಾಗೆ ಫೋನ್ ಮಾಡಿದೆ. ಮಾಸ್ಕೋ, ಬರ್ಮಿಂಗ್‌ಹ್ಯಾಮ್, ಹಾರ್ಲೆ ಎಲ್ಲ ಹೇಳಿದೆ. ಅವರು ಹೂಂ, ಹೂಂ ಅಂತ ಕೇಳಿಸಿಕೊಂಡರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ.

‘ಆ ಎಂಜಿನಿಯರ್ ಮನುಷ್ಯಾಗ ಊರಿಗೆ ಬರಾಕ ಆಗಲೇ ಇಲ್ಲೇನು?’

‘ಇಲ್ಲ ಕಾಕಾ.’

ಆ ಕಡೆ ಸ್ವಲ್ಪ ಹೊತ್ತು ಬರೀ ಗ್ಯಾರೇಜಿನ ಸದ್ದು. ಆಮೇಲೆ, ‘ಗಾಡಿ ಸುರು ಆಗೇದ. ಬಂದು ಒಯ್ರಿ’ ಅಂದರು.

ಮುಂದಿನ ವಾರ ಚೀನಾ ವಿಷಯ ಮತ್ತೆ ಚರ್ಚೆಗೆ ಬಂತು. ಶುರುವಿನಲ್ಲೇ ಹೇಳಿಬಿಟ್ಟೆ, ಕಳೆದ ಸಲ ಜಪಾನನ್ನು ನೋಡಿ ಕಲೀರಿ ಅಂದದ್ದು ನನ್ನ ತಪ್ಪು, ಅವರೂ ಶುರು ಮಾಡಿದ್ದು ನಕಲಿನಿಂದಲೇ, ಬ್ರಿಟಿಷರೂ ಅಮೆರಿಕದವರೂ ಅಷ್ಟೆ ಅಂತ. ಹರ್ಮನ್ ವೆಬರ್ ಹೆಸರು ಹೇಳಿದೆ. ಪಿಸ್ಟನ್ ವಿಷಯಕ್ಕೆ ಬರುವಷ್ಟರಲ್ಲಿ ಕಿವಿಯೊಳಗೆ ಪ್ರೊಡ್ಯೂಸರ್ ದನಿ: ‘ಸರ್, ಬ್ರೇಕ್ ತಗೊಳ್ಳಿ.’